ಅರ್ಧವಿರಾಮಕ್ಕೆ ಜಾಗ ಬಿಡಿ

'ದೇರ್‌ಫೋರ್' ಬಗ್ಗೆ ಬರೆಯುತ್ತೇನೆಂದು ಕಳೆದ ವಾರ ಹೇಳಿದ್ದೆ. ಅದು ಕಾಯಲಿ. 'ಹೌವೆವರ್' ಹಿಂದೆ ಬರೀ ಅಲ್ಪವಿರಾಮ ಹಾಕಿದ ಇಂಗ್ಲಿಷ್ ಪ್ರಕಟಣೆಗಳನ್ನು ಈ ವಾರವಿಡೀ ಓದಿ ಬೇಸತ್ತಿದ್ದೇನೆ.

'ಇಟ್ ರೇನ್ಡ್ ಆಲ್ ನೈಟ್; ಹೌವೆವರ್, ದ ಟ್ಯಾಂಕ್ ಈಸ್ ಡ್ರೈ.' ಇಲ್ಲಿ ಅರ್ಧವಿರಾಮ ಬೇಕೇ ಬೇಕು. 'ಬಟ್' ಇದ್ದಿದ್ದರೆ ಅಲ್ಪವಿರಾಮ ಸಾಕಿತ್ತು. 'ಬಟ್' ಎರಡು ವಾಕ್ಯಗಳ ನಡುವೆ ಕೂತರೆ ಕದಲುವುದಿಲ್ಲ. 'ಹೌವೆವರ್' ಕ್ರಿಯಾವಿಶೇಷಣ, ತನ್ನ ವಾಕ್ಯದೊಳಗೆ ಓಡಾಡುತ್ತದೆ. 'ದ ಟ್ಯಾಂಕ್, ಹೌವೆವರ್, ಈಸ್ ಡ್ರೈ' ಎಂದರೂ ಸರಿಯೇ. ಹೀಗೆ ಓಡಾಡುವ ಪದಕ್ಕೆ ಎರಡು ವಾಕ್ಯಗಳನ್ನು ಜೋಡಿಸುವ ಶಕ್ತಿಯಿಲ್ಲ. ('ಹೌವೆವರ್ ಹಾರ್ಡ್ ಹಿ ಟ್ರೈಡ್' ಎಂಬಲ್ಲಿರುವುದು ಬೇರೆಯದೇ ಅರ್ಥ, ಅದರ ಬೆನ್ನಿಗೆ ಅಲ್ಪವಿರಾಮ ಬೇಡ.)

ನನ್ನ ಹಳೆಯ ತಕರಾರು ಇರುವುದು ವಿಲಿಯಂ ಸ್ಟ್ರಂಕ್ ಜೊತೆ. ಈ ಕಾರ್ನೆಲ್ ಮೇಷ್ಟ್ರು 1918ರ 'ದ ಎಲಿಮೆಂಟ್ಸ್ ಆಫ್ ಸ್ಟೈಲ್' ಪುಸ್ತಕದಲ್ಲಿ 'ದೇರ್‌ಫೋರ್', 'ದಸ್' ಮುಂತಾದವುಗಳ ಹಿಂದೆ ಅರ್ಧವಿರಾಮ ಕಡ್ಡಾಯ ಎಂದರು. ಭೇಷ್! ಅದೇ ಪುಸ್ತಕದಲ್ಲಿ, 'ಆದರೂ' ಎಂಬ ಅರ್ಥದ 'ಹೌವೆವರ್' ಮಾತ್ರ ವಾಕ್ಯದ ಮೊದಲಿಗೆ ಬರಕೂಡದು ಎಂದೂ ವಿಧಿಸಿದರು. ಶಿಷ್ಯ ಇ.ಬಿ. ವೈಟ್ 1959ರಲ್ಲಿ ಪುಸ್ತಕವನ್ನು ಪರಿಷ್ಕರಿಸುವಾಗಲೂ ಆ ಮಾತನ್ನು ಉಳಿಸಿಕೊಂಡರು. ಇದನ್ನು ನಾನು ಒಪ್ಪಲಾರೆ. ಮೊದಲಿಗೆ ಬಂದ 'ಹೌವೆವರ್' ಹಿಂದಿನ ಇಡೀ ಮಾತಿಗೆ ಎದುರು ನಿಲ್ಲುತ್ತದೆ. 'ಟ್ಯಾಂಕ್' ಆದಮೇಲೆ ಬಂದರೆ ಒತ್ತು ಟ್ಯಾಂಕಿನ ಮೇಲೆ ಬೀಳುತ್ತದೆ: ಬಾವಿ ತುಂಬಿರಬಹುದು, ಟ್ಯಾಂಕ್ ಮಾತ್ರ ಬರಿದು. ಒತ್ತು ಎಲ್ಲಿ ಬೀಳಬೇಕೆಂದು ತೀರ್ಮಾನಿಸಬೇಕಾದವನು ಬರೆಯುವವನು.

ಇತ್ತೀಚಿನವರಂತೂ ಅರ್ಧವಿರಾಮವನ್ನೇ ಕೈಬಿಟ್ಟು ಎಲ್ಲೆಡೆ ಅಡ್ಡಗೀಟು ಎಳೆಯುತ್ತಾರೆ. 1490ರ ದಶಕದಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಟಿಯಸ್ ಅಚ್ಚಿಗೆ ತಂದ ಚಿಹ್ನೆ ಈ ಅರ್ಧವಿರಾಮ. ಅದರಿಂದ ಏನೇನು ಸಾಧ್ಯವೆಂದು ತಿಳಿಯಲು ಡಾಕ್ಟರ್ ಜಾನ್ಸನ್‌ನ 'ರಾಸೆಲಾಸ್' ತೆರೆಯಿರಿ. ತಾಯಿಯ ಅಂತ್ಯಕ್ರಿಯೆಯ ಖರ್ಚಿಗಾಗಿ 1759ರಲ್ಲಿ ಅವಸರವಾಗಿ ಬರೆದದ್ದೆಂದು ಜೀವನಚರಿತ್ರೆಕಾರ ಬಾಸ್ವೆಲ್ ಹೇಳುವ ಕೃತಿ. ಮೊದಲ ವಾಕ್ಯವೇ ಒಂದು ಕರೆ. ಆಸೆಯ ಬೆನ್ನು ಹತ್ತಿದವರನ್ನು ಕೂಗಿ ಒಂದು ಅರ್ಧವಿರಾಮ. ನಾಳೆಯನ್ನು ನಂಬಿ ಕೂತವರನ್ನು ಕೂಗಿ ಇನ್ನೊಂದು. ಆಮೇಲಷ್ಟೇ, ಅಬಿಸೀನಿಯದ ರಾಜಕುಮಾರನ ಕಥೆ ಕೇಳಿರೆಂಬ ಅಪ್ಪಣೆ. ಕ್ರಿಯಾಪದ ಬರುವ ತನಕ ಓದುಗ ಉಸಿರು ಹಿಡಿದು ಕಾಯುತ್ತಾನೆ. ಆ ಎರಡು ಕಡೆ ಪೂರ್ಣವಿರಾಮ ಹಾಕಿ ಗಟ್ಟಿಯಾಗಿ ಓದಿ ನೋಡಿ: ಕರೆ ಮೊದಲ ನಿಲುಗಡೆಯಲ್ಲೇ ಸತ್ತುಹೋಗುತ್ತದೆ.