ಸಾಮಾಜಿಕನೂ ಸಮಾಜವೂ

ನಾಟಕವನ್ನು ನೋಡಲು ಕುಳಿತವನಿಗೆ ನಮ್ಮ ಆಲಂಕಾರಿಕರು ‘ಸಾಮಾಜಿಕ’ನೆಂದು ಹೆಸರಿಟ್ಟರು. ಇಂದಿನ ಕನ್ನಡದಲ್ಲಿ ಆ ಶಬ್ದಕ್ಕೆ ಸಮಾಜಕ್ಕೆ ಸಂಬಂಧಪಟ್ಟುದು ಎಂಬ ಅರ್ಥವೊಂದೇ ಬಳಕೆಯಲ್ಲಿದೆ. ನೋಟಕನೆಂಬ ಅರ್ಥವು ಪಾಠಶಾಲೆಯ ಹೊಸ್ತಿಲನ್ನು ದಾಟಿ ಬಂದಿಲ್ಲ. ‘ಸಮಾಜ’ವೆಂದರೂ ಹಿಂದೆ ಆಟನೋಟಗಳಿಗಾಗಿ ನೆರೆದ ಕೂಟವೆಂಬ ಅರ್ಥವಿದ್ದಿತು. ಅಶೋಕನು ತನ್ನ ಮೊದಲನೆಯ ಬಂಡೆಗಲ್ಲಿನ ಶಾಸನದಲ್ಲಿ ಅಂಥ ಸಮಾಜಗಳನ್ನು ಕೂಡದೆಂದು ಹೇಳಿ, ಕೆಲವು ಮಾತ್ರ ಒಳ್ಳೆಯವೆಂದು ಒಪ್ಪಿಕೊಂಡಿದ್ದಾನೆ. ಒಟ್ಟಿಗೆ ಕುಳಿತು ನೋಡುವುದಕ್ಕೂ ಒಟ್ಟಿಗೆ ಬಾಳುವುದಕ್ಕೂ ಒಂದೇ ಶಬ್ದವು ಸಂದಿರುವುದು ವಿಚಾರಾರ್ಹವಾದ ಸಂಗತಿ. ಕಲೆಗಳಿಗಾಗಿ ಸಾರ್ವಜನಿಕ ಧನವನ್ನು ವೆಚ್ಚಮಾಡುವುದು ಸರಿಯೆ, ಸರಿಯಾದರೆ ಅದು ಹೇಗೆ ಆಗತಕ್ಕದ್ದು ಎಂಬುದನ್ನು ಈ ಶಬ್ದದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆಯು ಹೊಸದಲ್ಲ. ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಅರಮನೆಯ ಇಬ್ಬರು ನಾಟ್ಯಾಚಾರ್ಯರಾದ ಗಣದಾಸ ಹರದತ್ತರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡುತ್ತ ರಾಜನ ಮುಂದೆ ನಿಲ್ಲುತ್ತಾರೆ. ಆಗ ವಿದೂಷಕನು ಇವರ ಕಾದಾಟವನ್ನು ಟಗರುಗಳ ಕಾಳಗಕ್ಕೆ ಹೋಲಿಸಿ, ಅದನ್ನಾದರೂ ನೋಡಬೇಕು, ಇಲ್ಲವಾದರೆ ಇವರಿಗೆ ಸಂಬಳ ಕೊಟ್ಟು ಫಲವೇನು ಎಂದು ಕೇಳುತ್ತಾನೆ. ಕಾಳಿದಾಸನು ಇದನ್ನು ನಗೆಗಾಗಿ ಬರೆದನು, ನಿಜ. ಆದರೆ ತೆರಿಗೆ ತೆತ್ತವನ ಕೊರಗೊಂದು ಆ ನಗೆಯೊಳಗೆ ಅಡಗಿದೆ.

ಕೌಟಿಲ್ಯನಾದರೋ ನಗುವವನಲ್ಲ. ಹೊಸ ಜನಪದವನ್ನು ನೆಲೆಗೊಳಿಸುವ ಕ್ರಮವನ್ನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ವಿಧಿಸುವಾಗ, ಹಳ್ಳಿಗಳಲ್ಲಿ ವಿಹಾರಕ್ಕೆಂದು ಶಾಲೆಗಳಿರಕೂಡದು, ನಟ ನರ್ತಕ ಗಾಯಕ ಮೊದಲಾದವರು ಕೆಲಸಕ್ಕೆ ವಿಘ್ನ ಮಾಡಕೂಡದು ಎನ್ನುತ್ತಾನೆ. ಈ ವಾಕ್ಯವನ್ನು ನಾನು ಪಾಠಶಾಲೆಯಲ್ಲಿ ಓದಿದವನು. ಓದಿದ್ದಷ್ಟೇ ಅಲ್ಲ, ಅದರಂತೆ ಆಳಿದವನು. ಮಲೆನಾಡಿನ ಒಂದು ಹಳ್ಳಿಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ, ರಾತ್ರಿಯೆಲ್ಲ ಬಯಲಾಟ ನೋಡಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನು. ಅವರಲ್ಲಿ ಒಬ್ಬನಿಗೆ ಪಠ್ಯದ ಒಂದು ಪುಟವನ್ನು ತಡವರಿಸದೆ ಓದಲು ಬಾರದು. ಅದೇ ಹುಡುಗನು ಒಂದು ಸಂಜೆ ಗದ್ದೆಯ ಬದುವಿನ ಮೇಲೆ ನಿಂತು, ಕರ್ಣನ ಅರ್ಥವನ್ನು ಕಾಲುಗಂಟೆಯ ಹೊತ್ತು ಒಂದು ಶಬ್ದವೂ ತಪ್ಪದಂತೆ ಹೇಳುತ್ತಿದ್ದುದನ್ನು ನಾನು ಮರೆಯಲ್ಲಿ ನಿಂತು ಕೇಳಿದೆನು. ಮರುದಿನ ಅವನಿಗೆ ಏನನ್ನೂ ಹೇಳಲಿಲ್ಲ. ಹೇಳಬೇಕಾಗಿದ್ದಿತು ಎಂದು ಈಗ ಅನ್ನಿಸುತ್ತದೆ.

ನನ್ನ ತಪ್ಪು ಶಾಸ್ತ್ರದ್ದಲ್ಲ, ಶಾಸ್ತ್ರವನ್ನು ಅರ್ಧ ಓದಿದವನದು. ಗೀತ, ವಾದ್ಯ, ನೃತ್ಯ, ನಾಟ್ಯಾದಿಗಳನ್ನು ಕಲಿಸುವ ಆಚಾರ್ಯರಿಗೆ ರಾಜನ ಆದಾಯದಿಂದ ಜೀವನಕ್ಕೆ ಏರ್ಪಾಡಾಗಬೇಕೆಂದು ಅದೇ ಎರಡನೆಯ ಅಧಿಕರಣವು ಮುಂದೆ ಹೇಳುತ್ತದೆ. ಮೂರನೆಯ ಅಧಿಕರಣದಲ್ಲಿಯಂತೂ ಇನ್ನೂ ಕುತೂಹಲಕರವಾದ ವಿಧಿಯೊಂದಿದೆ. ಊರವರು ಕೂಡಿ ಆಟವನ್ನೇರ್ಪಡಿಸಿದಾಗ ತನ್ನ ಅಂಶವನ್ನು ಕೊಡದವನು ತಾನೂ ನೋಡಕೂಡದು, ತನ್ನವರೂ ನೋಡಕೂಡದು. ಮರೆಯಲ್ಲಿ ಕೇಳಿದರೆ ಅಥವಾ ನೋಡಿದರೆ ಎರಡರಷ್ಟು ತೆರಬೇಕು. ಹಾಗಿದ್ದರೆ ಹಳ್ಳಿಗಳಲ್ಲಿ ಆಟಗಳಿದ್ದುವು. ಅವುಗಳನ್ನು ನಡೆಸುತ್ತಿದ್ದವರು ಊರವರು. ನಡೆಸುತ್ತಿದ್ದುದು ಪ್ರತಿಯೊಂದು ಮನೆಯ ಅಂಶದಿಂದ. ಕರ್ಣನ ಅರ್ಥವನ್ನು ಮರೆಯಲ್ಲಿ ನಿಂತು ಕೇಳಿದ ನಾನೂ ಎರಡರಷ್ಟು ತೆರತಕ್ಕವನೇ ಸರಿ.

ಈ ‘ಅಂಶ’ವೆಂಬುದೇ ನನ್ನ ವಿಚಾರದ ತಿರುಳು. ಅಂಶ ಕೊಟ್ಟವನಿಗೆ ಆಟವು ತನ್ನದಾಗುತ್ತದೆ. ಮೇಲೆ ಹೇಳಿದ ಹಳ್ಳಿಯಲ್ಲಿ ಎರಡು ಕೇರಿಗಳಿಗೆ ತೋಟದ ನೀರಿನ ಕಾಲುವೆಯ ವಿಷಯದಲ್ಲಿ ವ್ಯಾಜ್ಯವಿದ್ದು, ಮಾತುಕತೆಯೇ ನಿಂತಿದ್ದಿತು. ಆದರೂ ಆಟದ ವೇಳೆಗೆ ಒಂದು ಕೇರಿಯಿಂದ ಚಪ್ಪರಕ್ಕೆ ಅಡಕೆಮರದ ಕಂಬಗಳೂ ಇನ್ನೊಂದರಿಂದ ದೀಪಗಳೂ ಬರಬೇಕಾಗಿದ್ದುವು, ಬಂದುವು. ನಾಟಕದಿಂದ ವ್ಯಾಜ್ಯ ತೀರಿತೆಂದು ನಾನು ಹೇಳಲಾರೆ; ಅದು ಕೋರ್ಟಿನಲ್ಲಿಯೇ ತೀರಿತು. ಆದರೆ ಕಂಬ ನೆಡುವವನು ದೀಪ ಕಟ್ಟುವವನೊಡನೆ ಮಾತನಾಡಲೇಬೇಕು. ಆ ಮಾತಿನ ಎಳೆಯೊಂದು ಉಳಿದಿದ್ದುದರಿಂದ, ತೀರ್ಪಾದ ಮೇಲೆ ಎರಡು ಕೇರಿಗಳೂ ಅದೇ ಕಾಲುವೆಯ ನೀರನ್ನು ಹಂಚಿಕೊಂಡು ಬಾಳುವುದು ಸಾಧ್ಯವಾಯಿತು.

ಅಭಿನವಗುಪ್ತಾಚಾರ್ಯರು ರಸದ ವಿಚಾರದಲ್ಲಿ, ನೆರೆದ ಸಾಮಾಜಿಕರೆಲ್ಲರ ಅನುಭವವು ಒಂದೇ ಘನವಾಗಿ ಕೂಡಿದಾಗ ರಸಕ್ಕೆ ಹೆಚ್ಚಿನ ಪುಷ್ಟಿಯುಂಟಾಗುತ್ತದೆಂದು ಅಭಿಪ್ರಾಯಪಟ್ಟಿದ್ದಾರೆ. ಒಬ್ಬನೇ ಕುಳಿತು ಕಾಣುವ ನೋಟಕ್ಕೂ ನೂರು ಜನರ ನಡುವೆ ಕಾಣುವ ನೋಟಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದವರನ್ನು ನಾನು ಕಾಣೆ. ಅವರು ಹೇಳಿದುದು ರಸದ ಮಾತು. ಆದರೆ ನೆರೆಯವನ ನಿಟ್ಟುಸಿರನ್ನು ಕೇಳಿ ತನ್ನ ಕಣ್ಣನ್ನೂ ಒರಸಿಕೊಂಡವನು ಬೆಳಗ್ಗೆ ಆ ನೆರೆಯವನನ್ನು ತೀರ ಪರಕೀಯನೆಂದು ಎಣಿಸಲಾರನು.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಅಂದರೆ ನೀನಾಸಮ್, ಮೊದಲಿಗೆ ಊರಿನವರೇ ಕೂಡಿ ನಾಟಕವಾಡುವ ಹವ್ಯಾಸಿ ಕೂಟವಾಗಿದ್ದಿತು. ಶಿವರಾಮ ಕಾರಂತರ ಹೆಸರಿನ ರಂಗಮಂದಿರವು ಕಟ್ಟಲ್ಪಟ್ಟುದು 1970ರ ಬಳಿಕ. 1980ರಲ್ಲಿ ರಂಗಶಿಕ್ಷಣ ಕೇಂದ್ರವೂ 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ವೂ ಪ್ರಾರಂಭವಾದುವು. ಇದರ ಜೀವಾಳವಾಗಿದ್ದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು, 2005ರಲ್ಲಿ ಅವರು ತೀರಿಕೊಂಡರು, ಸಂಘವು ನಿಲ್ಲಲಿಲ್ಲ. ಇಲ್ಲಿ ಕಾಲಾನುಕ್ರಮವನ್ನು ಗಮನಿಸತಕ್ಕದ್ದು. ಕೂಟವು ಮೊದಲು, ಕಟ್ಟಡವು ಆಮೇಲೆ. ತೋಟದ ಕೆಲಸ ಮುಗಿಸಿ ಬಂದು ಬಣ್ಣ ಹಚ್ಚಿದವರ ಅಂಶವು ಮೊದಲು. ಸರ್ಕಾರದ ಮತ್ತು ಹೊರಗಿನ ಸಂಸ್ಥೆಗಳ ನೆರವು ಆಮೇಲೆ. ತಿರುಗಾಟದಲ್ಲಿಯೂ ಇದೇ ನೀತಿ. ತಂಡವು ಬಂದ ಊರಿನವರು ರಂಗಸ್ಥಳವನ್ನು ಅಣಿಗೊಳಿಸಿ, ಊಟ ವಸತಿಗಳನ್ನೊದಗಿಸಿ, ನೋಡುವವರನ್ನು ಕೂಡಿಸಬೇಕು. ಆಡುವವರಷ್ಟೇ ಆಡಿಸುವವರೂ ಅಲ್ಲಿ ಸಿದ್ಧವಾಗುತ್ತಾರೆ.

ಹಾಗಾದರೆ ಊರ ಅಂಶವೇ ಸಾಲದೆ, ಸರ್ಕಾರದ ಹಣವೇಕೆ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಕ್ಕೆ ಉತ್ತರ ಹೇಳದಿದ್ದರೆ ನಾನು ಹಳೆಯದನ್ನು ಹೊಗಳುವ ಮುದುಕನೆನ್ನಿಸಿಕೊಳ್ಳುವೆನು. ಕೌಟಿಲ್ಯನ ವಿಧಿಯಲ್ಲಿ ಒಂದು ಕಾಠಿನ್ಯವಿದೆ: ಕೊಡಲಾರದವನ ಗತಿಯೇನು? ನಮ್ಮ ಹಳೆಯ ಚಪ್ಪರಗಳಲ್ಲಿಯೂ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತಿರಲಿಲ್ಲ. ಕೆಲವರು ಚಪ್ಪರದ ಹೊರಗೆ, ಬೆಳಕು ಮುಗಿದ ಕಡೆಯಲ್ಲಿ ನಿಂತು ನೋಡುತ್ತಿದ್ದರು. ಹೊರೆ ಹೊತ್ತು ಗುಂಡಿ ತೋಡಿದವರು ಅವರೇ ಆದರೂ ಅದನ್ನು ಯಾರೂ ಅಂಶವೆಂದು ಎಣಿಸಲಿಲ್ಲ. ಅವರನ್ನು ಹೊರಗಿಟ್ಟ ಕೂಟಕ್ಕೆ ಏಕಘನವೆಂಬ ಮಾತು ಸಲ್ಲದು. ಊರ ಹಣಕ್ಕೆ ಊರಿನ ಯಜಮಾನಿಕೆಯು ಅಂಟಿಕೊಂಡೇ ಬರುತ್ತದೆ. ಸಾರ್ವಜನಿಕ ಧನವಾದರೋ ಎಲ್ಲರದು. ಬೆಂಕಿಪೆಟ್ಟಿಗೆ ಕೊಂಡ ಬಡವನೂ ಅದಕ್ಕೆ ತೆತ್ತಿದ್ದಾನೆ. ಆದುದರಿಂದ ಅದು ಬಂದ ಕಡೆಯಲ್ಲಿ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ಕಟ್ಟು ಹಾಕುವ ಅಧಿಕಾರವು ಅದಕ್ಕುಂಟು. ಊರ ಅಂಶದಿಂದ ಮಮತೆ, ಸಾರ್ವಜನಿಕ ಧನದಿಂದ ಸಮತೆ. ಒಂದನ್ನು ಬಿಟ್ಟು ಇನ್ನೊಂದರಿಂದ ಸಮಾಜವಾಗದು.

ಇಂದು ನಡೆಯುತ್ತಿರುವುದೇನು? ನಾನೀಗ ವಾಸವಾಗಿರುವ ಊರಿನಲ್ಲಿ ಸಾರ್ವಜನಿಕ ವೆಚ್ಚದಿಂದ ಕಟ್ಟಿದ ಅಂದವಾದ ಸಭಾಮಂದಿರವೊಂದಿದೆ. ಹೋದ ವರ್ಷ ತರುಣರು ನಾಟಕದ ಅಭ್ಯಾಸಕ್ಕಾಗಿ ಬೀಗದ ಕೈಯನ್ನು ಕೇಳಲು ಹೋದರೆ, ಅದು ಯಾರ ಬಳಿ ಇದೆಯೆಂಬುದೇ ಎರಡು ವಾರಗಳವರೆಗೆ ಗೊತ್ತಾಗಲಿಲ್ಲ. ಅವರು ದೇವಸ್ಥಾನದ ಅಂಗಳದಲ್ಲಿ ಅಭ್ಯಾಸ ಮಾಡಿದರು. ವರ್ಷಕ್ಕೊಂದು ಉತ್ಸವ, ಹತ್ತಾರು ಶಾಲು, ಹಾರ, ಭಾಷಣಗಳಿಗೆ ವೆಚ್ಚವಾಗುವ ಹಣದಲ್ಲಿ ಒಂದು ಹಳ್ಳಿಗೆ ನಾಟಕ ಕಲಿಸುವ ಉಪಾಧ್ಯಾಯನನ್ನು ಇಡೀ ವರ್ಷ ಸಾಕಬಹುದೆಂದು ನನ್ನ ಎಣಿಕೆ. ಕಲಾವಿದನಿಗೆ ಸನ್ಮಾನವು ಬೇಡವೆಂದಲ್ಲ. ಅವನನ್ನು ನೋಡಬಲ್ಲ ಸಾಮಾಜಿಕನೂ ಪೋಷಣೆಗೆ ಅರ್ಹನೆಂಬುದು ನನ್ನ ವಾದ.

ಆದುದರಿಂದ ಅಧಿಕಾರದಲ್ಲಿರುವವರಿಗೆ ನನ್ನ ಬಿನ್ನಹವು ಇಷ್ಟೆ: ಊರವರು ತಮ್ಮ ಅಂಶವನ್ನು ದುಡ್ಡಿನಲ್ಲಿಯೋ ದುಡಿಮೆಯಲ್ಲಿಯೋ ಮೊದಲು ಕೊಟ್ಟಿರುವ ಕಡೆಗೆ ನಿಮ್ಮ ನೆರವು ಹೋಗಲಿ; ಹೊರೆ ಹೊತ್ತವನ ಬೆವರೂ ಅಂಶವೆಂದು ಲೆಕ್ಕಕ್ಕೆ ಬರಲಿ; ಬಾಗಿಲು ಎಲ್ಲರಿಗೂ ತೆರೆದಿರಲಿ. ಇನ್ನು ನನ್ನಂಥ ಉಪಾಧ್ಯಾಯರಿಗೊಂದು ಮಾತು. ಆಟ ನೋಡಿ ಬಂದ ಹುಡುಗನು ತರಗತಿಯಲ್ಲಿ ತೂಕಡಿಸಿದರೆ ಬೆಂಚಿನ ಮೇಲೆ ನಿಲ್ಲಿಸುವ ಮೊದಲು, ರಾತ್ರಿ ಕರ್ಣನು ಏನು ಹೇಳಿದನೆಂದು ಅವನನ್ನು ಒಮ್ಮೆ ಕೇಳಿ ನೋಡಿರಿ.