ಟ್ಯಾಂಕ್‌ಬಂಡ್ ಮೇಲೆ ಬಳ್ಳಾರಿ ರಾಘವ

ಈ ವಾರದ ಅಂಕಣಕ್ಕೆ ಗೊತ್ತಾಗಿದ್ದ ವಿಷಯ ಹೈದರಾಬಾದಿನ ಹೊರವರ್ತುಲ ರಸ್ತೆಯ ಸೈಕಲ್ ಪಥ. ಸೌರಫಲಕಗಳ ಚಾವಣಿ ಹೊತ್ತ, 23 ಕಿ.ಮೀ. ಉದ್ದದ ಈ ಪಥ 2023ರ ಅಕ್ಟೋಬರ್‌ನಲ್ಲಿ ತೆರೆಯಿತು. ಅಲ್ಲಿ ಕಲಾಕೃತಿ ಮಾಡಿಸುವುದಾದರೆ ಎಂಥದ್ದು ಮಾಡಿಸಬೇಕು? ಗಂಟೆಗೆ 20 ಕಿ.ಮೀ. ತುಳಿಯುವ ಸವಾರ ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತಾನೆ. ಹತ್ತು ಮೀಟರ್ ಅಗಲದ ಚಿತ್ರ ಎರಡೇ ಸೆಕೆಂಡಿನಲ್ಲಿ ಬೆನ್ನ ಹಿಂದೆ. ಕಂಬದಿಂದ ಕಂಬಕ್ಕೆ ತುಸುತುಸುವೇ ಬದಲಾಗುವ ಬಣ್ಣ ಅವನಿಗೆ ಸಾಕು. ಮುಖ, ಹೆಸರು, ಇಸವಿಗಳೆಲ್ಲ ನಡೆದು ಹೋಗುವವರ ಪಾಲು.

ನಡೆದು ಹೋಗುವವರ ಮಾತು ಬಂದಮೇಲೆ ಟ್ಯಾಂಕ್‌ಬಂಡ್ ಬಿಟ್ಟು ಮುಂದೆ ಹೋಗುವುದು ಕಷ್ಟ. ಸೈಕಲ್ಲು ಇಲ್ಲೇ ನಿಲ್ಲಲಿ.

ಮುಖ್ಯಮಂತ್ರಿಯಾಗಿದ್ದ ಎನ್.ಟಿ. ರಾಮರಾವ್ 1980ರ ದಶಕದಲ್ಲಿ ಹುಸೇನ್ ಸಾಗರ ಕೆರೆಯ ಈ ಏರಿಯ ಮೇಲೆ ಮೂವತ್ತಕ್ಕೂ ಹೆಚ್ಚು ಪ್ರತಿಮೆಗಳನ್ನು ನಿಲ್ಲಿಸಿದರು. ಅನ್ನಮಾಚಾರ್ಯ, ಮೊಲ್ಲ, ವೇಮನ, ರುದ್ರಮದೇವಿ, ಆರ್ಥರ್ ಕಾಟನ್, ಕೃಷ್ಣದೇವರಾಯ. ಆ ಸಾಲಿನಲ್ಲೇ ಬಳ್ಳಾರಿ ರಾಘವ! 1880ರಲ್ಲಿ ತಾಡಿಪತ್ರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಲೇ ಕನ್ನಡ, ತೆಲುಗು, ಇಂಗ್ಲಿಷ್ ರಂಗಭೂಮಿಯಲ್ಲಿ ಮೆರೆದ ನಟ. ಸ್ತ್ರೀಪಾತ್ರಗಳನ್ನು ಹೆಂಗಸರೇ ಮಾಡಲಿ ಎಂದು ಹಟ ಹಿಡಿದವರು. ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ಹೈದರಾಬಾದಿನಲ್ಲಿ ರಸ್ತೆಬದಿಯಲ್ಲೇ ಸಿಗುತ್ತಾರೆ, ಟಿಕೆಟ್ಟಿಲ್ಲದೆ.

ಈ ಸಾಲಿಗೆ ತಕರಾರು ಇರಲಿಲ್ಲವೆಂದಲ್ಲ. 2011ರ ಮಾರ್ಚ್ 10ರಂದು, ಪ್ರತ್ಯೇಕ ತೆಲಂಗಾಣಕ್ಕಾಗಿ ನಡೆದ ‘ಮಿಲಿಯನ್ ಮಾರ್ಚ್’ ವೇಳೆ ಹಲವು ಪ್ರತಿಮೆಗಳು ಉರುಳಿದವು, ಕೆಲವು ಕೆರೆಯ ಪಾಲಾದವು. ಯಾರನ್ನು ನಿಲ್ಲಿಸಬೇಕೆಂದು ಊರನ್ನು ಕೇಳಿದ್ದವರಾರು ಎಂಬ ಸಿಟ್ಟು ಅದರ ಹಿಂದಿತ್ತು. ಒಡೆದದ್ದನ್ನು ಒಪ್ಪಲಾಗದು, ಆ ಪ್ರಶ್ನೆಯನ್ನು ತಳ್ಳಿಹಾಕಲೂ ಆಗದು. ಉರುಳಿದವು ಮುಂದೆ ಮತ್ತೆ ಎದ್ದವು. ತೆಲಂಗಾಣದ ಗೋಂಡ ನಾಯಕ ಕೊಮರಂ ಭೀಮ್ ಕೂಡ ಈಗ ಏರಿಯ ಮೇಲಿದ್ದಾನೆ.

ಜನ ಜಗಳವಾಡುವಷ್ಟಾದರೂ ಆ ಪ್ರತಿಮೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ‘ಸುಂದರೀಕರಣ’ದ ಪೈಂಟಿಗೆ ಆ ಭಾಗ್ಯವೂ ಇಲ್ಲ. 2017ರ ನವೆಂಬರಿನಲ್ಲಿ ಜಾಗತಿಕ ಉದ್ಯಮಶೀಲತಾ ಶೃಂಗಸಭೆಗೆ ಇವಾಂಕಾ ಟ್ರಂಪ್ ಬರುತ್ತಾರೆಂದು ಹೈದರಾಬಾದಿನ ಗೋಡೆಗಳು ಗಡಿಬಿಡಿಯಲ್ಲಿ ಬಣ್ಣ ಬಳಿದುಕೊಂಡವು. ಇಂಥ ಚಿತ್ರ ಅತಿಥಿಯ ಕಾರಿನ ಕಿಟಕಿಗೆಂದು ಬರೆದದ್ದು. ಅತಿಥಿ ಹೋದಮೇಲೆ ಅದಕ್ಕೆ ದಿಕ್ಕಿಲ್ಲ. ಅದೇ ಊರಿನ ಎಂ.ಎಸ್. ಮಖ್ತಾ ಬಡಾವಣೆ ಮಾತ್ರ ಬೇರೆ ಕಥೆ. ಅಲ್ಲಿ ಬೀದಿಕಲೆಯ ಸಂಸ್ಥೆ ಸ್ಟಾರ್ಟ್ ಇಂಡಿಯಾದ ಕಲಾವಿದರು ಚಿತ್ರ ಬರೆದದ್ದು ಜನ ವಾಸವಿರುವ ಮನೆಗಳ ಗೋಡೆಗಳ ಮೇಲೆ, ದಿನವೂ ನೋಡುವ ಕಣ್ಣುಗಳ ಎದುರು.

ಟ್ಯಾಂಕ್‌ಬಂಡ್‌ನ ಈಗಿನ ಕಷ್ಟ ವಾಹನಗಳದ್ದು. ರಾಘವರ ಮುಖ ನೋಡಲು ನಿಂತರೆ ಬೆನ್ನಿಗೆ ಹಾರನ್ನು. 2021ರ ಆಗಸ್ಟ್‌ನಲ್ಲಿ ಭಾನುವಾರ ಸಂಜೆ ಗಾಡಿ ತಡೆದು ಏರಿಯನ್ನು ಜನರಿಗೆ ಬಿಡಲು ಶುರುಮಾಡಿದಾಗ ಪ್ರತಿಮೆಗಳಿಗೆ ನೋಡುಗರು ಮರಳಿ ಸಿಕ್ಕರು. ರಸ್ತೆಬದಿಗೆ ಕಲೆ ಮಾಡಿಸುವ ಅಧಿಕಾರಿಗಳಲ್ಲಿ ಕೇಳುವುದಿಷ್ಟೇ: ಟೆಂಡರ್ ಕರೆಯುವ ಮೊದಲು ಫುಟ್‌ಪಾತ್ ಅಗಲ ಮಾಡಿ, ಆದೇಶದಲ್ಲಿ ಕಲಾವಿದರ ಹೆಸರನ್ನೂ ಹತ್ತು ವರ್ಷದ ನಿರ್ವಹಣೆಯ ಹಣವನ್ನೂ ಸೇರಿಸಿ.