ವಿಂಡೋಸ್ ಬದಲಿಸೋ ಮುಂಚೆ

ಸುದ್ದಗುಂಟೆಪಾಳ್ಯದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿಗಳಿಗೇನೂ ಬರವಿಲ್ಲ. ನಾನು ಸಾಫ್ಟ್‌ವೇರ್ ಕೆಲಸದವನು ಅಂತ ಗೊತ್ತಾದ್ರೆ ಅಲ್ಲಿ ಬರೋ ಪ್ರಶ್ನೆ ಒಂದೇ: "ಸಾರ್, ಹೊಸ ವಿಂಡೋಸ್ ಹಾಕಿಸ್ಬೇಕಾ, ಹಳೇದೇ ಸಾಕಾ?"

ನಮ್ಮ ಕಸುಬಿನವರ ಉತ್ತರ ರೆಡಿ ಇರುತ್ತೆ: ತಕ್ಷಣ ಹಾಕಿಸಿ. ಕಾರಣವೂ ಇದೆ. ಮೈಕ್ರೋಸಾಫ್ಟ್ ಎಕ್ಸ್‌ಪಿಯನ್ನು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7 ಅನ್ನು 2020ರ ಜನವರಿ 14ಕ್ಕೆ ಕೈಬಿಟ್ಟಿತು. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗೀತು. 2017ರ ಮೇನಲ್ಲಿ ವಾನಾಕ್ರೈ ಹರಡಿದಾಗ ಹೆಚ್ಚಾಗಿ ಸಿಕ್ಕಿಬಿದ್ದಿದ್ದು, ಮಾರ್ಚ್‌ನಲ್ಲೇ ಬಂದಿದ್ದ ಅಪ್‌ಡೇಟ್ ಹಾಕಿಕೊಳ್ಳದಿದ್ದ ಕಂಪ್ಯೂಟರುಗಳು.

ಅಂಗಡಿಯವರ ಉತ್ತರವೂ ರೆಡಿ: "ನಡೀತಾ ಇದೆಯಲ್ಲ!" ಅವರದ್ದು ಬರೀ ಸೋಮಾರಿತನ ಅನ್ನೋಕಾಗಲ್ಲ. ಅವರ ಅನ್ನ ಇರೋದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಇತ್ತ ವಿಂಡೋಸ್ 11 ಟಿಪಿಎಂ 2.0 ಚಿಪ್ ಕೇಳುತ್ತೆ. ಅದಿಲ್ಲದಿದ್ದರೆ ಚೆನ್ನಾಗಿ ಓಡ್ತಿರೋ ಕಂಪ್ಯೂಟರನ್ನೇ ಬದಲಿಸಬೇಕು. ಲಗ್ನಪತ್ರಿಕೆ ಅಚ್ಚು ಹಾಕೋರಿಗೆ ಇದು ಸಣ್ಣ ಖರ್ಚಲ್ಲ.

ಇಬ್ಬರೂ ಮಾತಾಡ್ತಿರೋದು ಯಂತ್ರದ ಬಗ್ಗೆ. ಅದರೊಳಗಿರೋ ಕನ್ನಡದ ಬಗ್ಗೆ ಇಬ್ಬರಿಗೂ ಚಿಂತೆಯಿಲ್ಲ ಅನ್ನೋದೇ ನನ್ನ ತಕರಾರು.

ನುಡಿಯ ಹಳೇ ಫಾಂಟಲ್ಲಿ 'ಕ' ಅಂತ ಹೊಡೆದ್ರೆ ಫೈಲಿನೊಳಗೆ ಕೂರೋದು ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆ ಮೇಲೆ ಗೀರಿರೋ ಒಂದು 'ಎ'. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತೆ, ಅಷ್ಟೇ. ಫಾಂಟ್ ತೆಗೆದರೆ ವೇಷವೂ ಹೋಯ್ತು. ಯೂನಿಕೋಡ್‌ನಲ್ಲಿ ಹಾಗಲ್ಲ, 'ಕ'ಗೆ 3221 ಅನ್ನೋ ಅದರದ್ದೇ ಸಂಖ್ಯೆ ಇದೆ. ಫೋನಾಗಲಿ ಲಿನಕ್ಸ್ ಆಗಲಿ, ಅದು 'ಕ'ನೇ. 2001ರ ಎಕ್ಸ್‌ಪಿಯಲ್ಲೇ ತುಂಗಾ ಅನ್ನೋ ಯೂನಿಕೋಡ್ ಫಾಂಟ್ ಇತ್ತು. ಅಂದ್ರೆ ಹಳೇ ವಿಂಡೋಸ್‌ನಲ್ಲೂ ಬಾಳೋ ಕನ್ನಡ ಬರೆಯಬಹುದಿತ್ತು, ಹೊಸ ವಿಂಡೋಸ್‌ನಲ್ಲೂ ಬಾಳದ ಕನ್ನಡ ಬರೆಯಬಹುದು. ವಿಂಡೋಸ್ ಬದಲಿಸಿದ ಮಾತ್ರಕ್ಕೆ ಫೈಲು ಬದಲಾಗಲ್ಲ.

ಹಾಗಾಗಿ ಕೆಲಸದ ಕ್ರಮ ಮುಖ್ಯ. ಊರಲ್ಲಿ ಹಳೇ ಮನೆ ಕೆಡವೋ ಮುಂಚೆ ಕಣಜದ ರಾಗಿ ಹೊರಗೆ ತೆಗೀತಾರಲ್ಲ, ಹಾಗೆ. ಮೊದಲು ಎಲ್ಲಾ ಫೈಲುಗಳನ್ನ, ಜೊತೆಗೆ ಫಾಂಟುಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಆಮೇಲೆ ಪಠ್ಯವನ್ನ ಯೂನಿಕೋಡ್‌ಗೆ ಬದಲಿಸಿ. ಬರಹದಲ್ಲೂ ನುಡಿಯಲ್ಲೂ ಪರಿವರ್ತಕ ಇದೆ. ಅದನ್ನ ಕಣ್ಮುಚ್ಚಿ ನಂಬಬೇಡಿ. ಮಧ್ಯೆ ನಿಜವಾದ ಇಂಗ್ಲಿಷ್ ಪದಗಳಿದ್ರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ವೆ. ಒತ್ತು, ಅರ್ಕಾವತ್ತು ತಪ್ಪಬಹುದು. ಒಬ್ಬರು ಕೂತು ಓದಲೇಬೇಕು. ಪುಟ ಕಟ್ಟೋಕೆ 2012ರ ಇನ್‌ಡಿಸೈನ್ ಸಿಎಸ್6ರಿಂದೀಚೆಗೆ ಯೂನಿಕೋಡ್ ಕನ್ನಡ ನಡೆಯುತ್ತೆ. ಹಣ ಬೇಡ ಅಂದ್ರೆ ಲಿನಕ್ಸ್, ಲಿಬ್ರೆಆಫೀಸ್, ಸ್ಕ್ರೈಬಸ್ ನೋಡಬಹುದು. ಕೆ.ಪಿ. ರಾವ್ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳು ಹೊಸದಾಗಿ ಕಲಿಯೋದೂ ಬೇಕಿಲ್ಲ, ಆ ಕೀಲಿಮಣೆ ಅಲ್ಲೂ ಇದೆ. ಇಷ್ಟಾಗೋವರೆಗೂ ಹಳೇ ಯಂತ್ರ ಇರಲಿ, ಇಂಟರ್ನೆಟ್ ತಂತಿ ಮಾತ್ರ ಕಿತ್ತಿಡಿ.

ಈ ಅಂಗಡಿಗಳ ಡಿಸ್ಕುಗಳಲ್ಲಿ ಬರೀ ಬಿಲ್‌ಬುಕ್ ಇಲ್ಲ. ದೇವಸ್ಥಾನದ ಸ್ಮರಣ ಸಂಚಿಕೆ, ಯಾರೋ ಮೇಷ್ಟ್ರು ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿದ ಊರಿನ ಇತಿಹಾಸ, ಎರಡನೇ ಮುದ್ರಣ ಕಾಣದ ಕವನ ಸಂಕಲನ, ಎಲ್ಲಾ ಇವೆ. ಗೂಗಲ್‌ನಲ್ಲಿ ಹುಡುಕಿದ್ರೆ ಇವು ಸಿಗಲ್ಲ. ಆ ಡಿಸ್ಕು ಕೆಟ್ಟರೆ ಇನ್ನೆಲ್ಲೂ ಸಿಗದೇ ಹೋಗಬಹುದು. ಮೊದಲು ಅವನ್ನ ಹೊರಗೆ ತನ್ನಿ. ಯಾವ ವಿಂಡೋಸ್ ಅಂತ ಆಮೇಲೆ ಮಾತಾಡೋಣ.